ಕೆಂಪು ಎಡಕ್ಕೆ, ಹಸಿರು ಬಲಕ್ಕೆ

ನಮ್ಮ ಯಜಮಾನರು ಮೂವತ್ತಾರು ವರ್ಷ ಲಿಫ್ಟ್ ಮೆಕ್ಯಾನಿಕ್ ಆಗಿದ್ದರು. ಅವರ ಕಣ್ಣಿಗೆ ಕೆಂಪು ಯಾವುದು, ಹಸಿರು ಯಾವುದು ಎಂದು ತಿಳಿಯುತ್ತಿರಲಿಲ್ಲ. ಎರಡೂ ಒಂದೇ ಥರದ ಮಣ್ಣಿನ ಬಣ್ಣ. ಈ ಸಂಗತಿ ಅವರನ್ನು ಬಿಟ್ಟರೆ ನನಗೊಬ್ಬಳಿಗೇ ಗೊತ್ತಿತ್ತು.

ಮದುವೆಯಾದ ಎರಡನೇ ವಾರ ಹಣ್ಣು ಟೊಮೇಟೊ ತನ್ನಿ ಎಂದರೆ ಚೀಲದ ತುಂಬ ಕಾಯಿ ತಂದರು. ನಾನು ನಕ್ಕು, "ಏನ್ರೀ, ಅಂಗಡಿಯವನು ಕಣ್ಣಿಗೆ ಮಣ್ಣೆರಚಿದ್ನಾ?" ಎಂದೆ. ಅವರು ನಗಲಿಲ್ಲ. ಬಾಗಿಲು ಮುಂದೆ ಮಾಡಿ ಬಂದು ಕುಳಿತು ಎಲ್ಲವನ್ನೂ ಹೇಳಿದರು. ಕೆಲಸಕ್ಕೆ ಸೇರಿಸಿಕೊಳ್ಳುವಾಗ ಬಣ್ಣಬಣ್ಣದ ಚುಕ್ಕೆಗಳ ಪುಸ್ತಕ ತೋರಿಸಿ, ಚುಕ್ಕೆಗಳ ನಡುವೆ ಅಡಗಿದ ಅಂಕಿಯನ್ನು ಓದಿಸುತ್ತಿದ್ದರಂತೆ. ಇವರು ಸಾಲಿನ ಕೊನೆಗೆ ನಿಂತು, ಮುಂದಿನ ಆರು ಜನ ಹೇಳಿದ್ದನ್ನು ಕಿವಿಯಲ್ಲಿ ಹಿಡಿದಿಟ್ಟುಕೊಂಡು ಹಾಗೇ ಒಪ್ಪಿಸಿಬಿಟ್ಟರಂತೆ. ಲಿಫ್ಟಿನ ಪೆಟ್ಟಿಗೆಯೊಳಗಿನ ತಂತಿಗಳಿಗೆ ನಂಬರಿನ ಸಣ್ಣ ಉಂಗುರಗಳು ಇರುತ್ತವೆ. ನಂಬರು ನೋಡಿಕೊಂಡು ಕೆಲಸ ಮಾಡಿದರೆ ಬಣ್ಣ ಬೇಕಾಗುವುದಿಲ್ಲ. ಉಂಗುರ ಬಿದ್ದುಹೋಗಿದ್ದ ಕಡೆ ಮೀಟರ್ ಹಿಡಿದು ಒಂದೊಂದು ತಂತಿಯನ್ನೂ ಎರಡೆರಡು ಸಲ ನೋಡುತ್ತಿದ್ದರು. ಜೊತೆಯವರು ಅವರಿಗೆ 'ಎರಡ್ಸಲ' ಎಂದು ಅಡ್ಡಹೆಸರೇ ಇಟ್ಟಿದ್ದರು. ಅಷ್ಟು ವರ್ಷದಲ್ಲಿ ಅವರು ಮುಟ್ಟಿದ ಒಂದು ಲಿಫ್ಟೂ ಯಾರ ಕಾಲಿಗೂ ಒಂದು ಗೀರು ಮಾಡಿದ್ದಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಓದಿದವರು ತಪ್ಪು ತಿಳಿಯಬಾರದು.

"ಇದು ನಿನ್ನ ಬಾಯಿಂದ ಹೊರಗೆ ಹೋಗ್ಬಾರದು. ಚಿಕ್ಕವನಿಗಂತೂ ಗೊತ್ತೇ ಆಗ್ಬಾರದು," ಎಂದರು.

ಹೋಗುವುದಿಲ್ಲ ಎಂದು ಮಾತು ಕೊಟ್ಟೆ. ಆಗ ನನಗೆ ಹತ್ತೊಂಬತ್ತು.

ಚಿಕ್ಕವನು ಎಂದರೆ ನನ್ನ ಮೈದುನ. ಅವರಪ್ಪ ತೀರಿಕೊಂಡಾಗ ಅವನಿಗೆ ಎಂಟು ವರ್ಷವಂತೆ. ನಾನು ಈ ಮನೆಗೆ ಬಂದಾಗ ಹತ್ತು. ನಮಗೆ ಮಕ್ಕಳಾಗಲಿಲ್ಲ, ಅವನನ್ನೇ ಬೆಳೆಸಿದೆವು. ಅವನಿಗೆ ಅಣ್ಣ ಎಂದರೆ ಅಣ್ಣನೇ. ಶಾಲೆಯಲ್ಲಿ ಯಾರಾದರೂ ಮುರಿದ ಆಟಿಕೆ ತಂದರೆ, "ಕೊಡೋ, ನಮ್ಮಣ್ಣ ಮಾಡಿಕೊಡ್ತಾನೆ. ನಮ್ಮಣ್ಣನ ಕೈ ತಪ್ಪೋದೇ ಇಲ್ಲ," ಎನ್ನುತ್ತಿದ್ದ. ಇವರು ಅದನ್ನು ಕೇಳಿಸಿಕೊಂಡು ಒಳಗೊಳಗೇ ಹಿಗ್ಗುತ್ತಿದ್ದರು. ಹೆದರುತ್ತಲೂ ಇದ್ದರು ಎಂದು ನನಗೆ ಆಮೇಲೆ ಹೊಳೆಯಿತು.

ಹನ್ನೆರಡನೇ ವರ್ಷದಲ್ಲಿ ಅವನು ಗೋಡೆಯಿಂದ ಬಿದ್ದು ಕಾಲು ಮುರಿದುಕೊಂಡ. ಮೂರು ತಿಂಗಳು ಹಾಸಿಗೆ. ಆಗ ಇವರು ಯಾರದೋ ಮನೆಯ ಹಳೆಯ ಆಟದ ರೈಲು ತಂದರು. ಗೇಣುದ್ದದ ಒಂದು ಇಂಜಿನ್, ಮೂರು ಡಬ್ಬಿ, ಒಂದಿಷ್ಟು ಹಳಿ. ಹಲಗೆಯ ಮೇಲೆ ಹಳಿ ಜೋಡಿಸಿ ಅವನ ಮಂಚದ ಪಕ್ಕಕ್ಕೆ ಇಟ್ಟರು. ಕಾಲು ನೆಟ್ಟಗಾಯಿತು, ರೈಲು ಮಾತ್ರ ಮನೆಯಿಂದ ಹೋಗಲಿಲ್ಲ. ಹಲಗೆ ಎಂಟಡಿಗೆ ನಾಲ್ಕಡಿ ಆಯಿತು, ನಡುಮನೆಯ ಅರ್ಧ ಜಾಗ ತಿಂದಿತು. ಅದರ ಮೇಲೆ ಒಂದರೊಳಗೊಂದು ಎರಡು ಸುತ್ತು ಹಳಿ, ಒಂದು ಸುತ್ತಿನಿಂದ ಇನ್ನೊಂದಕ್ಕೆ ದಾಟಲು ಒಂದು ಕಡೆ ಸೇರುವೆ, ರಟ್ಟಿನ ಸ್ಟೇಷನ್, ಸ್ಪಂಜು ಕತ್ತರಿಸಿ ಮಾಡಿದ ಮರಗಳು. ಮರಗಳಿಗೆ ಬಣ್ಣ ಹಚ್ಚುವುದು ನನ್ನ ಕೆಲಸ. ಒಂದು ಸಲ ನಾನು ಮಲಗಿದ್ದಾಗ ಇವರೇ ಹಚ್ಚಿ, ಕಾಡೆಲ್ಲ ಕೆಂಪಾಗಿತ್ತು. ಚಿಕ್ಕವನು ನಕ್ಕೂ ನಕ್ಕೂ, "ಏನಣ್ಣ, ಕಾಡಿಗೆ ಬೆಂಕಿ ಬಿದ್ದಿದೆಯಾ?" ಎಂದ. "ಎಲೆ ಉದುರೋ ಕಾಲ ಕಣೋ," ಎಂದರು ಇವರು, ಮುಖ ಚೂರೂ ಅಲುಗಿಸದೆ. ಅವನು ನಂಬಿದ.

ಹಲಗೆಯ ಕೆಳಗಿನ ತಂತಿ ಕೆಲಸಕ್ಕೆ ನಾವಿಬ್ಬರು ಒಂದು ಪದ್ಧತಿ ಮಾಡಿಕೊಂಡಿದ್ದೆವು. ಚಿಕ್ಕವನು ಇಲ್ಲದ ಹೊತ್ತು ನಾನು ತಂತಿಗಳನ್ನು ಅಳೆದು ಕತ್ತರಿಸಿ, ಕೆಂಪಿನ ತುದಿಯಲ್ಲಿ ಒಂದು ಗಂಟು, ಹಸಿರಿನ ತುದಿಯಲ್ಲಿ ಎರಡು ಗಂಟು ಹಾಕಿಡುತ್ತಿದ್ದೆ. ಇವರು ಕೆಳಗೆ ಅಂಗಾತ ಮಲಗಿ ಬೆರಳಿನಿಂದ ಗಂಟು ಮುಟ್ಟಿ ನೋಡಿ ಜೋಡಿಸುತ್ತಿದ್ದರು.

ಚಿಕ್ಕವನು ದೊಡ್ಡವನಾಗಿ ಕ್ಯಾಮೆರಾ ರಿಪೇರಿ ಕಲಿತ, ನಾಲ್ಕು ಬೀದಿ ಆಚೆ ಅಂಗಡಿ ಹಾಕಿದ, ಮದುವೆಯಾಗಿ ಅಂಗಡಿಯ ಮೇಲೇ ಮನೆ ಮಾಡಿದ. ಭಾನುವಾರ ಮಾತ್ರ ತಪ್ಪದೆ ಬರುತ್ತಿದ್ದ. ಬಂದವನು ಮೊದಲು ಹಲಗೆಯ ಹತ್ತಿರ ಹೋಗಿ ಆಮೇಲೆ ನನ್ನ ಮುಖ ನೋಡುತ್ತಿದ್ದ. "ಅತ್ತಿಗೆ, ಇದೀರಾ?" ಎನ್ನುವನು. "ಇಲ್ಲಪ್ಪ, ರೈಲು ಹತ್ತಿ ಹೋದೆ," ಎನ್ನುವೆ.

ಒಂದು ಭಾನುವಾರ ಅವನು ಹಳಿಗೆ ಕರೆಂಟು ಕೊಡುವ ಹೊಸ ಡಬ್ಬವೊಂದನ್ನೂ ಹೊಸ ಇಂಜಿನ್ ಒಂದನ್ನೂ ತಂದ. ಡಿಜಿಟಲ್ ಎಂದ. ನಮ್ಮ ಹಳೆಯ ಪದ್ಧತಿಯಲ್ಲಿ ಡಬ್ಬದ ಗುಂಡಿ ತಿರುಗಿಸಿದಷ್ಟು ಕರೆಂಟು ಹಳಿಗೆ ಹೋಗುತ್ತದೆ. ಕಡಿಮೆ ತಿರುಗಿಸಿದರೆ ಮೆಲ್ಲಗೆ, ಹೆಚ್ಚು ತಿರುಗಿಸಿದರೆ ಜೋರು. ಒಂದೇ ಹಳಿಯ ಮೇಲೆ ಎರಡು ಇಂಜಿನ್ ಇಟ್ಟರೆ ಎರಡೂ ಒಟ್ಟಿಗೇ ಓಡುತ್ತವೆ. ಹೊಸದರಲ್ಲಿ ಹಳಿಗೆ ಯಾವಾಗಲೂ ಪೂರಾ ಕರೆಂಟು. ಇಂಜಿನ್ನಿನ ಹೊಟ್ಟೆಯಲ್ಲಿ ಒಂದು ಚಿಪ್ ಇರುತ್ತದೆ, ಅದಕ್ಕೊಂದು ನಂಬರು. ಕೈಯಲ್ಲಿ ಹಿಡಿಯುವ ರಿಮೋಟಿನಿಂದ ಆ ನಂಬರನ್ನು ಕರೆದರೆ ಅದು ಮಾತ್ರ ಓಡುತ್ತದೆ. ಹಳೆಯ ಇಂಜಿನ್ನನ್ನು ಹೊಸ ಕರೆಂಟಿನ ಮೇಲೆ ನಿಲ್ಲಿಸಿದರೆ ಗುಂಯ್ ಎನ್ನುತ್ತ ಕಾದು ಸುಟ್ಟುಹೋಗುತ್ತದೆ.

"ಹಳೇದಕ್ಕೂ ಚಿಪ್ ಹಾಕ್ಸೋಣ ಅಣ್ಣ."

"ಅದರ ಹೊಟ್ಟೆ ಕುಯ್ಯೋಕೆ ನಾನು ಬಿಡಲ್ಲ. ಅದು ನಿನ್ನ ಕಾಲು ಮುರಿದಾಗಿಂದು."

"ಸರಿ ಮಾರಾಯ, ಹಾಗಾದ್ರೆ ಎರಡೂ ಇರೋ ಹಾಗೆ ವೈರಿಂಗ್ ಮಾಡೋಣ. ನೀನು ಬೇಕಾದ್ರೆ ಹಳೇದು, ನಾನು ಬೇಕಾದ್ರೆ ಹೊಸದು."

ಇವರು ಒಪ್ಪಿದರು. ಒಂದೊಂದು ಸುತ್ತಿಗೂ ಒಂದೊಂದು ಚೇಂಜ್‌ಓವರ್ ಸ್ವಿಚ್ಚು. ಎಡಕ್ಕೆ ಹಾಕಿದರೆ ಹಳೆಯ ಡಬ್ಬ, ಬಲಕ್ಕೆ ಹಾಕಿದರೆ ಹೊಸ ಡಬ್ಬ. ಎರಡು ಡಬ್ಬದ ಕರೆಂಟು ಎಲ್ಲಿಯೂ ಸೇರಬಾರದು, ಸೇರಿದರೆ ಹೊಸದು ಸತ್ತಿತು. ಸೇರುವೆಯ ಹತ್ತಿರ ಹಳಿಗಳನ್ನು ಕುಯ್ದು ಕೂದಲೆಳೆಯಷ್ಟು ಸಂದು ಬಿಟ್ಟರು. ಹಳೆಯ ಡಬ್ಬದ ತಂತಿ ಕೆಂಪು, ಹೊಸದರದ್ದು ಹಸಿರು ಎಂದು ನಿಯಮ ಮಾಡಿದವನು ಚಿಕ್ಕವನೇ.

ಆ ವಾರ ನಾನು ಮನೆಯಲ್ಲಿರಲಿಲ್ಲ. ನನ್ನ ತಂಗಿಗೆ ಆಪರೇಷನ್ ಆಗಿತ್ತು, ಐದು ದಿನ ಆಸ್ಪತ್ರೆಯಲ್ಲಿ ಅವಳ ಹತ್ತಿರ ಇದ್ದೆ. ಹೋಗುವಾಗ ಇವರಿಗೆ ಹೇಳಿದ್ದೆ: "ನಾನು ಬರೋ ತನಕ ತಂತಿಗೆ ಕೈ ಹಾಕ್ಬೇಡಿ." ಚಿಕ್ಕವನಿಗೆ ತಡೆಯಲಿಲ್ಲ. "ಇವತ್ತೇ ಮುಗಿಸಿಬಿಡೋಣ ಅಣ್ಣ, ಎರಡು ಗಂಟೆ ಕೆಲಸ," ಎಂದನಂತೆ. ಇವರು ಏನು ಹೇಳಿ ತಪ್ಪಿಸಿಕೊಳ್ಳಬೇಕು? ಹಲಗೆಯ ಕೆಳಗೆ ಮಲಗಿದರು. ಅವನು ಮೇಲಿನಿಂದ ಎರಡೂ ಬಣ್ಣದ ತಂತಿ ಒಟ್ಟಿಗೇ ಇಳಿಸುತ್ತ, "ಕೆಂಪು ಎಡಕ್ಕೆ, ಹಸಿರು ಬಲಕ್ಕೆ," ಎನ್ನುತ್ತ ಹೋದ. ಒಳಸುತ್ತಿನ ಸ್ವಿಚ್ಚು ಕಿಟಕಿಯ ಕಡೆಗಿತ್ತು. ಅಲ್ಲಿ ಬೆಳಕಿತ್ತು, ಹಸಿರು ತುಸು ತೆಳುವಾಗಿ ಕಂಡಿತಂತೆ, ಸರಿಯಾಗಿ ಜೋಡಿಸಿದರು. ಹೊರಸುತ್ತಿನದು ಗೋಡೆಯ ಕಡೆ, ನೆರಳಿನಲ್ಲಿ. ಟಾರ್ಚು ಕೇಳಬಹುದಿತ್ತು, ಕೇಳಲಿಲ್ಲ. ಮೀಟರ್ ಕೇಳಬಹುದಿತ್ತು, ಕೇಳಿದರೆ, "ಎದುರಿಗೇ ಬಣ್ಣ ಇದೆಯಲ್ಲಣ್ಣ ಎರಡ್ಸಲ," ಎಂದು ಅವನು ನಗುತ್ತಿದ್ದ. ಅಂದಾಜಿನ ಮೇಲೆ ಜೋಡಿಸಿದರು. ಅಲ್ಲಿ ಅದಲುಬದಲಾಯಿತು.

ಸ್ವಿಚ್ಚುಗಳನ್ನು ಎರಡನ್ನೂ ಬಲಕ್ಕೆ ಹಾಕಿ ಹೊಸ ಇಂಜಿನ್ನನ್ನು ಒಳಸುತ್ತಿನಲ್ಲಿ ಬಿಟ್ಟರು. ಚೆನ್ನಾಗಿ ಓಡಿತು. ಚಿಕ್ಕವನು ಕೈ ತಟ್ಟಿ, "ಈಗ ನೋಡು, ದಾಟಿಸ್ತೀನಿ," ಎಂದು ಹೊರಸುತ್ತಿಗೆ ತಿರುಗಿಸಿದ. ಅಲ್ಲಿ ಹಸಿರಿನ ಜಾಗದಲ್ಲಿ ಕೆಂಪು, ಹಳೆಯ ಡಬ್ಬದ ಗುಂಡಿಯೂ ಅರ್ಧ ತಿರುಗಿತ್ತು. ಇಂಜಿನ್ನಿನ ಗಾಲಿ ಸಂದಿನ ಮೇಲೆ ಬಿದ್ದದ್ದೇ ತಡ, ಎರಡು ಕರೆಂಟೂ ಸೇರಿಕೊಂಡವು. ಡಬ್ಬದಿಂದ ಹೊಗೆ ಬಂತು. ಇಂಜಿನ್ನಿನೊಳಗಿನ ಚಿಪ್ ಕೂಡ ಹೋಯಿತು.

ವಸ್ತು ಹೋದದ್ದಕ್ಕೆ ಅವನು ಸಿಟ್ಟಾಗಲಿಲ್ಲ. ಕೆಳಗೆ ಬಗ್ಗಿ ಸ್ವಿಚ್ಚು ನೋಡಿದ. ಕೆಂಪಿನ ಜಾಗದಲ್ಲಿ ಹಸಿರು, ಹಸಿರಿನ ಜಾಗದಲ್ಲಿ ಕೆಂಪು, ತಿರುಪು ಗಟ್ಟಿಯಾಗಿ ಬಿಗಿದಿತ್ತು.

"ನಿನ್ನ ಕೈ ತಪ್ಪಲ್ಲ ಅಣ್ಣ," ಎಂದನಂತೆ. "ತಪ್ಪಿದೆ ಅಂದ್ರೆ ಬೇಕಂತಲೇ ಮಾಡಿದೀಯ. ಹೊಸದು ನಿನಗೆ ಬೇಡವಾಗಿತ್ತು, ಬಾಯಿಬಿಟ್ಟು ಹೇಳ್ಬಹುದಿತ್ತು."

ಇವರು ಸುಮ್ಮನಿದ್ದದ್ದು ಒಪ್ಪಿಕೊಂಡ ಹಾಗಾಯಿತು. ಅವನು ಸುಟ್ಟ ಡಬ್ಬ ಎತ್ತಿಕೊಂಡು ಹೋದವನು ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ.

ನಾನು ಬಂದು ಎಲ್ಲ ಕೇಳಿದ ಮೇಲೆ, "ಹೋಗಿ ಹೇಳಿಬಿಡಿ. ಒಂದು ಮಾತು. ಅವನೇನು ಹೊರಗಿನವನಾ?" ಎಂದೆ.

"ಹೇಳಿದ್ರೆ ಏನಾಗುತ್ತೆ ಗೊತ್ತಾ? ಇಷ್ಟು ವರ್ಷ ಜನ ನನ್ನ ನಂಬಿ ಲಿಫ್ಟ್ ಹತ್ತಿದಾರೆ. ಅವನ ಹೆಂಡತಿ ಹೊಟ್ಟೇಲಿ ಮಗು ಇಟ್ಕೊಂಡು ಹತ್ತಿದಾಳೆ. ಕಣ್ಣಿಲ್ಲದವನು ಕಟ್ಟಿದ್ದು ಅಂತ ಗೊತ್ತಾದ್ರೆ?"

"ಕಣ್ಣಿಲ್ಲದವರು ಅಂತ ಯಾರಂದ್ರು?"

"ಅವನು ಅಂತಾನೆ," ಎಂದರು. ಹಲಗೆಯ ಮೇಲಿನ ಧೂಳು ಒರೆಸುತ್ತ, "ಕೆಟ್ಟವನು ಅಂದ್ಕೊಳ್ಳಲಿ. ಪರವಾಗಿಲ್ಲ," ಎಂದರು.

ನಾನು ಕೊಟ್ಟ ಮಾತು ಗಂಟಲಿನಲ್ಲಿ ಬಿಸಿ ತುಪ್ಪದ ಹಾಗೆ, ನುಂಗಲೂ ಆಗದು, ಉಗುಳಲೂ ಆಗದು. ಹನ್ನೊಂದು ವರ್ಷ ಹಾಗೇ ಕಳೆಯಿತು. ಬೀದಿಯಲ್ಲಿ ಎದುರಾದರೆ ಚಿಕ್ಕವನು ನನ್ನನ್ನು ಮಾತಾಡಿಸುತ್ತಿದ್ದ. "ಅತ್ತಿಗೆ, ಮಂಡಿ ನೋವು ಹೇಗಿದೆ?" ಎನ್ನುವನು. ಅಣ್ಣನ ಸುದ್ದಿ ಕೇಳುತ್ತಿರಲಿಲ್ಲ.

ಇವರು ನಿವೃತ್ತರಾದ ಮೇಲೆ ಹಲಗೆಯ ಕೆಳಗಿನದನ್ನೆಲ್ಲ ಕಿತ್ತು ಮೊದಲಿನಿಂದ ಮಾಡಿದರು. ಈ ಸಲ ಎರಡು ಸ್ವಿಚ್ಚು ಬೇಡ, ಇಡೀ ಹಲಗೆಗೆ ಒಂದೇ ದೊಡ್ಡ ಸ್ವಿಚ್ಚು. ಎಡಕ್ಕಿದ್ದರೆ ಹಲಗೆಯೆಲ್ಲ ಹಳೆಯದು, ಬಲಕ್ಕಿದ್ದರೆ ಹಲಗೆಯೆಲ್ಲ ಹೊಸದು. ಎರಡೂ ಒಂದೇ ಹೊತ್ತಿಗೆ ಹಳಿಯ ಮೇಲೆ ಬರುವ ದಾರಿಯೇ ಇಲ್ಲ. ನಾನು ಗಂಟು ಹಾಕಿಕೊಟ್ಟೆ, ಅವರು ಜೋಡಿಸಿದರು, ಮೀಟರ್ ಹಿಡಿದು ಎರಡೆರಡು ಸಲ ನೋಡಿದರು. ನಲವತ್ತೆಂಟು ತಂತಿ. ನಮ್ಮಲ್ಲಿ ಡಿಜಿಟಲ್ ಡಬ್ಬವೇ ಇರಲಿಲ್ಲ. ಆದರೂ ಬಲಗಡೆಯ ಎರಡು ತಂತಿಗಳನ್ನು ತುದಿ ಸುಲಿದು, ಹಿತ್ತಾಳೆಯ ತಿರುಪು ಸಡಿಲ ಬಿಟ್ಟು, ಹಲಗೆಯಿಂದ ಹೊರಗೆ ತಂದಿಟ್ಟರು. ಯಾರಿಗೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಸ್ವಿಚ್ಚು ಎಡಕ್ಕೇ ಇರುತ್ತಿತ್ತು. ತಿಂಗಳಿಗೊಮ್ಮೆ ಆ ತಿರುಪುಗಳನ್ನು ಬಿಚ್ಚಿ, ಒರೆಸಿ, ಮತ್ತೆ ಸಡಿಲವಾಗಿ ಹಾಕುತ್ತಿದ್ದರು.

ಆಮೇಲೆ ಅವರ ಶ್ವಾಸಕೋಶ ಕೆಟ್ಟಿತು. ಹಲಗೆಯ ಪಕ್ಕದಲ್ಲೇ ಮಂಚ ಹಾಕಿದೆ. ಡಾಕ್ಟರು ನನ್ನನ್ನು ಹೊರಗೆ ಕರೆದು, "ನೋಡಬೇಕಾದವರು ಯಾರಾದ್ರೂ ಇದ್ರೆ ಕರೆಸಿಬಿಡಿ ಅಮ್ಮಾ," ಎಂದರು.

ಮಾರನೆಯ ದಿನವೇ ನಾನು ಮಾತು ಮುರಿದೆ. ಬೆಳಿಗ್ಗೆ ಹತ್ತಕ್ಕೆ ಚಿಕ್ಕವನ ಅಂಗಡಿಗೆ ಹೋದೆ. ಅವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಯಾವುದೋ ಕ್ಯಾಮೆರಾ ಬಿಚ್ಚಿದ್ದ. ಎದ್ದು ಸ್ಟೂಲು ಕೊಟ್ಟ. ನಾನು ಟೊಮೇಟೊದಿಂದ ಹಿಡಿದು ಆಸ್ಪತ್ರೆಯ ಐದು ದಿನದವರೆಗೆ ಒಂದೂ ಬಿಡದೆ ಹೇಳಿದೆ. ಸೆರಗಿನಲ್ಲಿ ಕಟ್ಟಿಕೊಂಡು ಹೋಗಿದ್ದ ಗಂಟು ಹಾಕಿದ ತಂತಿಯ ತುಂಡುಗಳನ್ನೂ ತೋರಿಸಿದೆ.

ಅವನು ತುಂಡುಗಳನ್ನು ತಿರುಗಿಸಿ ನೋಡಿ ಮೇಜಿನ ಮೇಲೆ ಇಟ್ಟ.

"ಗುರುತಿಗೆ ಎಲ್ಲ ವೈರ್‌ಮನ್‌ಗಳೂ ಗಂಟು ಹಾಕ್ತಾರೆ ಅತ್ತಿಗೆ."

"ಇದನ್ನ ಹಾಕಿದ್ದು ನಾನು ಕಣಪ್ಪ."

"ಮೂವತ್ತಾರು ವರ್ಷ ಲಿಫ್ಟ್ ಕಟ್ಟಿದೋನಿಗೆ ಕೆಂಪು ಹಸಿರು ಗೊತ್ತಾಗಲ್ವಾ? ಅವನ ಜೊತೇಲೇ ಬೆಳೆದ ನನಗೆ ಅದು ಗೊತ್ತಾಗ್ಲಿಲ್ವಾ? ಅಣ್ಣನ್ನ ನೋಡೋಕೆ ಬಾ ಅನ್ನಿ, ಬರೋದು ಬಿಡೋದು ಆಮೇಲೆ. ಕತೆ ಕಟ್ಬೇಡಿ."

ನಾವು ಅಷ್ಟು ಚೆನ್ನಾಗಿ ಮುಚ್ಚಿಟ್ಟಿದ್ದೆವು. ನಿಜ ಹೇಳಿದರೆ ಅದೇ ಸುಳ್ಳಿನ ಹಾಗೆ ಕೇಳಿಸಿತು.

ಆದರೂ ನನ್ನ ಮಾತು ಅವನ ಮನಸ್ಸಿನಲ್ಲಿ ಮುಳ್ಳಿನ ಹಾಗೆ ಚುಚ್ಚಿರಬೇಕು. ಮೂರನೆಯ ದಿನ ಮಧ್ಯಾಹ್ನ ಬಾಗಿಲಲ್ಲಿ ಬಂದು ನಿಂತ. ಇವರು ದಿಂಬಿಗೆ ಒರಗಿ ಕುಳಿತಿದ್ದರು. ಅವನನ್ನು ಕಂಡು ಎರಡೂ ಕೈ ಚಾದರದ ಮೇಲೆ ಇಟ್ಟು ನೆಟ್ಟಗಾದರು.

"ಬಾರೋ," ಎಂದರು, "ಕೂದಲೆಲ್ಲ ಉದುರಿಸ್ಕೊಂಡಿದೀಯಲ್ಲೋ."

"ನಿನ್ನ ತಮ್ಮ ಅಲ್ವಾ, ಇನ್ನೇನಾಗುತ್ತೆ," ಎಂದ ಅವನು. ನನಗೆ ಕಣ್ಣು ತುಂಬಿ ಬಂತು. ಸರಿಹೋಯಿತು ಎಂದುಕೊಂಡೆ.

ಅವನು ಮಂಚದ ತುದಿಯಲ್ಲಿ ಕುಳಿತು ಜೇಬಿನಿಂದ ಎರಡು ದುಂಡನೆಯ ಗಾಜು ತೆಗೆದ. ಕ್ಯಾಮೆರಾದ ಮುಂದೆ ಹಾಕುವ ಬಣ್ಣದ ಗಾಜುಗಳು, ಒಂದು ಕೆಂಪು, ಒಂದು ಹಸಿರು. ಚಾದರದ ಮೇಲೆ ಪಕ್ಕಪಕ್ಕದಲ್ಲಿ ಇಟ್ಟ.

"ಅಣ್ಣ, ಇದರಲ್ಲಿ ಕೆಂಪು ಯಾವುದು ಹೇಳು."

ಇವರು ನನ್ನ ಕಡೆ ಒಂದು ಸಲ ನೋಡಿದರು. ನಾನು ಹೇಳಿಬಿಟ್ಟಿದ್ದೇನೆ ಎಂದು ಅವರಿಗೆ ತಿಳಿಯಿತು. ಆಮೇಲೆ ಗಾಜಿನ ಕಡೆ ನೋಡಲಿಲ್ಲ, ತಮ್ಮನ ಮುಖವನ್ನೇ ನೋಡಿದರು. ತಪ್ಪು ಹೇಳಿದರೆ ಸಾಕಿತ್ತು. ಎಡದ್ದೋ ಬಲದ್ದೋ, ಯಾವುದಾದರೊಂದು, ತಪ್ಪು ಹೇಳಲಿ ಎಂದು ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ.

ಇವರು ಕೈ ಚಾಚಿ ಕೆಂಪು ಗಾಜಿನ ಮೇಲೆ ಬೆರಳಿಟ್ಟರು. "ಇದು."

ಚಿಕ್ಕವನು ಗಾಜುಗಳನ್ನು ಎತ್ತಿ ಒಂದಕ್ಕೊಂದು ತಾಗದ ಹಾಗೆ ಬಟ್ಟೆಯಲ್ಲಿ ಸುತ್ತಿದ. ಆತುರವೇ ಇರಲಿಲ್ಲ.

"ನಿನ್ನ ತಪ್ಪು ಮುಚ್ಚೋಕೆ ಅತ್ತಿಗೆ ನಿನ್ನ ಕಣ್ಣನ್ನೇ ಕಿತ್ತುಬಿಟ್ಟಿದ್ರಲ್ಲಣ್ಣ," ಎಂದ.

"ಅವಳಿಗೆ ವಯಸ್ಸಾಯ್ತು ಕಣೋ," ಎಂದರು ಇವರು.

ಅವನು ಎದ್ದ. ಚಪ್ಪಲಿ ಮೆಟ್ಟಿಕೊಂಡು, ಮೆಟ್ಟಿಲಿಳಿದು ಹೋದ. ಹಲಗೆಯ ಕಡೆ ತಿರುಗಿಯೂ ನೋಡಲಿಲ್ಲ.

ನನಗೆ ಆ ದಿನ ಬಂದ ಸಿಟ್ಟು ಜನ್ಮದಲ್ಲಿ ಬಂದಿರಲಿಲ್ಲ. "ಹೇಗ್ರೀ ಗೊತ್ತಾಯ್ತು ನಿಮಗೆ?" ಎಂದು ಕೇಳಿದೆ.

"ಗಾಜಲ್ಲಿ ಏನೂ ಗೊತ್ತಾಗ್ಲಿಲ್ಲ. ಅವನ ಕಣ್ಣು ನೋಡ್ದೆ. ಚಿಕ್ಕೋನಿದ್ದಾಗಿಂದ ಅವನು ಏನಾದ್ರೂ ಬಚ್ಚಿಟ್ರೆ ಅದರ ಕಡೇನೇ ನೋಡ್ತಾನೆ." ಹೇಳುತ್ತ ಅವರ ಮುಖದ ಮೇಲೆ ನಗು ಬಂತು. ಉಬ್ಬಸದ ನಡುವೆಯೂ ನಗು. "ಇನ್ನೂ ಹಾಗೇ ಇದಾನೆ ಕಣೇ."

"ತಪ್ಪು ಹೇಳಿದ್ರೆ ಅವನು ಇಲ್ಲೇ ಕೂತಿರ್ತಿದ್ದ. ನಿಮ್ಮ ಕೈ ಹಿಡ್ಕೊಂಡು ಅಳ್ತಿದ್ದ."

"ಗೊತ್ತು," ಎಂದರು. ಮತ್ತೆ ದಿಂಬಿಗೆ ಒರಗುತ್ತ, "ಅವನೆದುರಿಗೆ ತಪ್ಪು ಹೇಳೋಕೆ ನಾಲಿಗೆ ಬರ್ಲಿಲ್ಲ," ಎಂದರು.

ಹತ್ತೊಂಬತ್ತು ದಿನ ಇದ್ದರು. ಪ್ರತಿ ದಿನ ಬಾಗಿಲು ತೆರೆದೇ ಇಡಿಸಿಕೊಂಡರು. ಮೆಟ್ಟಿಲ ಮೇಲೆ ಯಾರ ಹೆಜ್ಜೆ ಕೇಳಿದರೂ ಕೈ ಚಾದರದ ಮೇಲೆ ಬರುತ್ತಿತ್ತು. ಪೋಸ್ಟಿನವನು ಬಂದ, ಹಾಲಿನವನು ಬಂದ, ಡಾಕ್ಟರು ಬಂದರು. ನಾನು ಎರಡು ಸಲ ಹೇಳಿ ಕಳಿಸಿದೆ. ಅಂಗಡಿಯಲ್ಲಿ ಕೆಲಸ ಬಹಳ ಎಂದು ಉತ್ತರ ಬಂತು. ಇಪ್ಪತ್ತನೆಯ ದಿನ ಬೆಳಿಗ್ಗೆ ಕಾಫಿ ತಂದು ಕೂಗಿದೆ, ಏಳಲಿಲ್ಲ.

ಚಿಕ್ಕವನು ಆಗ ಬಂದ. ಬಂದು ಅವರ ಪಾದ ಹಿಡಿದುಕೊಂಡು ಹತ್ತರ ಹುಡುಗನ ಹಾಗೆ ಅತ್ತ. ಲಿಫ್ಟ್ ಕಂಪನಿಯ ಹಳೆಯ ಜೊತೆಗಾರರು ಹತ್ತು ಜನ ಬಂದಿದ್ದರು. ಅವರೆದುರಿಗೆ ಕಣ್ಣೊರೆಸಿಕೊಂಡು, "ಅಣ್ಣ ನನಗೊಂದು ತಪ್ಪು ಮಾಡಿದ್ದ. ಯಾರ ಮನೇಲಿಲ್ಲ ಹೇಳಿ. ನಾನದನ್ನ ಕ್ಷಮಿಸಿದೀನಿ, ಅವನು ಹಗುರಾಗಿ ಹೋಗಲಿ," ಎಂದ. ಜೊತೆಗಾರರು ಅವನ ಬೆನ್ನು ಸವರಿದರು. ದೊಡ್ಡ ಮನಸ್ಸು ಎಂದರು.

ನಾನು ಮೂಲೆಯಿಂದಲೇ, "ಅವರು ಬೇಕಂತ ಮಾಡಿದ್ದಲ್ಲ," ಎಂದೆ. ದುಃಖದಲ್ಲಿ ಆಡುತ್ತಿದ್ದಾಳೆ ಎಂದು ಯಾರೋ ನೀರು ಕೊಟ್ಟರು.

ಈಗ ಅವನು ಪ್ರತಿ ಭಾನುವಾರ ಬರುತ್ತಾನೆ. ನನ್ನ ಮಂಡಿಗೆ ಎಣ್ಣೆ ತರುತ್ತಾನೆ, ನಲ್ಲಿ ಸೋರಿದರೆ ಸರಿಮಾಡುತ್ತಾನೆ. ಮಗ ಇದ್ದಿದ್ದರೂ ಇಷ್ಟು ನೋಡಿಕೊಳ್ಳುತ್ತಿರಲಿಲ್ಲವೇನೋ. ಅಣ್ಣನ ಮಾತು ಬಂದರೆ ಕಾಲು ಮುರಿದಾಗಿನದು, ಆಟಿಕೆ ರಿಪೇರಿ ಮಾಡಿಕೊಟ್ಟದ್ದು, ಎಲ್ಲವನ್ನೂ ನೆನೆಯುತ್ತಾನೆ. ಕೊನೆಗೆ, "ಆ ಒಂದು ವಿಷಯ ಬಿಟ್ರೆ ನಮ್ಮಣ್ಣ ದೇವರಂಥೋನು ಅತ್ತಿಗೆ. ಅದನ್ನೂ ನಾನು ಮರೆತೆ," ಎನ್ನುತ್ತಾನೆ.

"ಅವರಿಗೆ ಬಣ್ಣ ಕಾಣ್ತಿರಲಿಲ್ಲಪ್ಪ," ಎನ್ನುತ್ತೇನೆ.

"ಆಯ್ತು ಅತ್ತಿಗೆ," ಎನ್ನುತ್ತಾನೆ, ಬಹಳ ಮೆತ್ತಗೆ. ಎದ್ದು ನನ್ನ ಮಾತ್ರೆ ಹೊತ್ತಾಯಿತೇ ಎಂದು ಗಡಿಯಾರ ನೋಡುತ್ತಾನೆ.